ಅಪ್ಪು ತಟ್ಟೆ ಸರಿಸಿದ್ದು ಯಾಕೆ

ಜೇವರ್ಗಿ

ಪ್ರೀತಿಯ ಮಗಳೇ,

ಮಾಮನ ಆಶೀರ್ವಾದ. ಎಳ್ಳ ಅಮಾವಾಸ್ಯೆ ಮುಗಿಸಿಕೊಂಡು ನೀವು ಕಲಬುರಗಿಗೆ ಹೋಗಿ ಎಂಟು ದಿನ ಆಯ್ತು. ಫೋನ್ ಮಾಡೋಣ ಅಂದುಕೊಂಡೆ. ಆದರೆ ನೀನು ಫೋನಿನಲ್ಲಿದ್ದಾಗ ನಿನ್ನ ಮಗ ಅಪ್ಪು ಪಕ್ಕದಲ್ಲೇ ಇರುತ್ತಾನೆ. ಈ ಮಾತು ಅವನ ಕಿವಿಗೆ ಬೀಳಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಹೊಲದಲ್ಲಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬೇವಿನ ಮರದ ಕೆಳಗೆ ಊಟಕ್ಕೆ ಕೂತಿದ್ದೆವಲ್ಲ, ನೆನಪಿದೆಯಾ? ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಅಪ್ಪು ಎರಡನೇ ಹೋಳಿಗೆಗೆ ಕೈ ಚಾಚಿದ. ಯಾರೋ, "ಸಾಕೋ ಧಡಿಯ, ಬಂಡಿ ಮುರಿದೀತು" ಅಂದರು. ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನು ಸುಮ್ಮನೆ ಕೂತಿದ್ದೆ, ಅದು ನನ್ನ ತಪ್ಪು. ಹುಡುಗ ತಟ್ಟೆ ಸರಿಸಿ ಎದ್ದು ಹೋಗಿ ಕಾರಿನಲ್ಲಿ ಕೂತ. ಆಮೇಲೆ ನೀನೇ ಹೋಗಿ ಒಂದು ಕ್ರೀಮ್ ಬಿಸ್ಕೆಟ್ ಪ್ಯಾಕೆಟ್ ಕೊಟ್ಟು, ಮೊಬೈಲ್ ಕೊಟ್ಟು ಸಮಾಧಾನ ಮಾಡಿದೆ. ಒಂಬತ್ತು ವರ್ಷದ ಮಗುವಿಗೆ ನಾವೆಲ್ಲ ಸೇರಿ ಒಂದೇ ಗಂಟೆಯಲ್ಲಿ ತಿನ್ನಬೇಡ ಅಂತಲೂ ಹೇಳಿದೆವು, ತಿನ್ನು ಅಂತಲೂ ಹೇಳಿದೆವು. ಅವನು ಯಾವುದನ್ನು ಕೇಳಬೇಕು?

ಅಪ್ಪುವಿನ ತೂಕ ಜಾಸ್ತಿ ಆಗಿದೆ. ಅದನ್ನು ಮುಚ್ಚಿಟ್ಟು ಮಾತಾಡುವುದಿಲ್ಲ. ಬದು ಹತ್ತುವಾಗ ಎರಡು ಕಡೆ ನಿಂತ. ಉಸಿರು ಸಿಕ್ಕಿಕೊಳ್ಳುತ್ತಿತ್ತು. ನನಗೆ ಇನ್ನೂ ಚಿಂತೆ ಹತ್ತಿಸಿದ್ದು ಅವನ ಕುತ್ತಿಗೆ. ಹಿಂದುಗಡೆ ಚರ್ಮ ಕಪ್ಪಾಗಿ, ದಪ್ಪ ಆಗಿದೆ. ನಿಮ್ಮವ್ವ ಅದನ್ನು ಕೊಳೆ ಅಂತ ತಿಳಿದು ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಿದ್ದಳು. ಅದು ಕೊಳೆ ಇರಲಿಕ್ಕಿಲ್ಲ. ದಪ್ಪ ಇರುವ ಮಕ್ಕಳ ಕುತ್ತಿಗೆ, ಕಂಕುಳು ಹೀಗೆ ಕಪ್ಪಾದರೆ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ ಆಗಿರಬಹುದು. ಮುಂದೆ ಸಕ್ಕರೆ ಕಾಯಿಲೆ ಬರುವ ದಾರಿ ಅದು. ತಿಕ್ಕುವುದನ್ನು ಇವತ್ತೇ ನಿಲ್ಲಿಸಿ. ಈ ವಾರ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು. ಎತ್ತರ, ತೂಕ, ರಕ್ತದೊತ್ತಡ ನೋಡಲಿ, ಬೇಕು ಅನಿಸಿದರೆ ರಕ್ತ ಪರೀಕ್ಷೆ ಮಾಡಿಸಲಿ. ಎತ್ತರಕ್ಕೆ ತೂಕ ಎಷ್ಟಿರಬೇಕು ಅನ್ನುವ ದೊಡ್ಡವರ ಬಿಎಂಐ ಲೆಕ್ಕವನ್ನು ಮಕ್ಕಳಿಗೆ ಹಾಗೇ ಹಚ್ಚಲು ಬರುವುದಿಲ್ಲ. ವಯಸ್ಸಿಗೆ ತಕ್ಕ ಚಾರ್ಟ್ ಬೇರೆ ಇರುತ್ತದೆ. ನಮ್ಮ ದೇಶದ ಮಕ್ಕಳ ತಜ್ಞರ ಸಂಘವೇ 2015ರಲ್ಲಿ ನಮ್ಮ ಮಕ್ಕಳಿಗೆ ಅಂತ ಅಂಥ ಚಾರ್ಟ್ ಮಾಡಿದೆ. ಮೊಬೈಲ್ ನೋಡಿ ನೀನೇ ತೀರ್ಮಾನ ಮಾಡಬೇಡ. ಮತ್ತೆ, ಉಪವಾಸ ಕೆಡವಬೇಡ. ಬೆಳೆಯುವ ಮಗು ಅದು. ಎಷ್ಟೋ ಮಕ್ಕಳಲ್ಲಿ ತೂಕ ಇದ್ದಲ್ಲೇ ನಿಂತು ಎತ್ತರ ಬೆಳೆದರೆ ಸಾಕಾಗುತ್ತದೆ. ಎಷ್ಟು, ಹೇಗೆ ಅನ್ನುವುದನ್ನು ಡಾಕ್ಟರೇ ಹೇಳಲಿ.

ನಿಮ್ಮವ್ವನ ಮೇಲೆ ಸಿಟ್ಟಾಗಬೇಡ. "ಇನ್ನೊಂದು ತುತ್ತು, ಇನ್ನೊಂದೇ ತುತ್ತು" ಅಂತ ಅವಳು ಮೊಮ್ಮಗನ ಬೆನ್ನು ಹತ್ತುವುದು ನನಗೂ ಕಂಡಿದೆ. ಆದರೆ 1972ರ ಬರದಲ್ಲಿ ಅವಳಿಗೆ ಹದಿಮೂರು ವರ್ಷ, ನನಗೆ ಹತ್ತು. ನುಚ್ಚಿನ ಅಂಬಲಿ ಕುಡಿದು ಮಲಗಿದ ರಾತ್ರಿಗಳು ನಮಗೆ ಗೊತ್ತು. ತನ್ನ ಪಾಲಿನದನ್ನು ನನ್ನ ಬಟ್ಟಲಿಗೆ ಸುರಿದವಳು ಅವಳು. ಅಂಥವಳಿಗೆ ಮೈ ಕೈ ತುಂಬಿದ ಮೊಮ್ಮಗ ಕಂಡರೆ ಮನೆಗೆ ಬರ ಬಂದಿಲ್ಲ ಅನ್ನುವ ಧೈರ್ಯ. ಅವಳಿಗೆ ಬೈದರೆ ಕದ್ದು ಕೊಡುತ್ತಾಳೆ. ಅದರ ಬದಲು ಡಾಕ್ಟರ್ ಹತ್ತಿರ ಅವಳನ್ನೂ ಕರೆದುಕೊಂಡು ಹೋಗು. ಅವರ ಬಾಯಿಂದಲೇ ಕೇಳಲಿ.

ನಾನು ಮಾಸ್ತರ ಆಗಿದ್ದ ಹಳ್ಳಿ ಶಾಲೆಗಳಲ್ಲಿ ಹುಡುಗರನ್ನು ತೂಕಕ್ಕೆ ನಿಲ್ಲಿಸಿದರೆ ಮುಳ್ಳು ಮೇಲೇರಲಿ ಅಂತ ಬೇಡಿಕೊಳ್ಳುತ್ತಿದ್ದೆ. ನಮ್ಮ ಭಾಗದಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತಲೇ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದನ್ನು ಮೊದಲು ಇಲ್ಲೇ ಶುರು ಮಾಡಿದರು. ಕಲಬುರಗಿ, ಬೀದರ, ಯಾದಗಿರಿ ಎಲ್ಲ ಅದರಲ್ಲಿದ್ದವು. ಈಗಲೂ ಹಳ್ಳಿಯಲ್ಲಿ ಎಲುಬು ಕಾಣುವ ಮಕ್ಕಳಿದ್ದಾರೆ. ನಲವತ್ತು ಕಿಲೋಮೀಟರ್ ಆಚೆ ಅಪ್ಪುವಿನ ಕ್ಲಾಸಿನಲ್ಲಿ ಓಡಲಾರದ ಮಕ್ಕಳಿದ್ದಾರೆ. ಐದು ವರ್ಷದ ಒಳಗಿನ ಮಕ್ಕಳಲ್ಲಿ ತೂಕ ಜಾಸ್ತಿ ಇರುವವರು ದೇಶದಲ್ಲಿ 2015-16ರ ಸಮೀಕ್ಷೆಯಲ್ಲಿ ನೂರಕ್ಕೆ 2.1 ಇದ್ದರು, 2019-21ರಲ್ಲಿ 3.4 ಆದರು. ಸಣ್ಣ ಸಂಖ್ಯೆ ಅನಿಸಬಹುದು. ಆದರೆ ಏರಿದ್ದು ಎಷ್ಟು ಬೇಗ ನೋಡು.

ಇನ್ನು ಡಬ್ಬಿಯ ಮಾತು. ನೀನು ಬೆಳಿಗ್ಗೆ ಐದಕ್ಕೆ ಎದ್ದು ಅಡಿಗೆ ಮಾಡಿ ಆಫೀಸಿಗೆ ಓಡುವವಳು. ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಮನಸ್ಸಿನಲ್ಲಿಲ್ಲ. ಅಳಿಯಂದಿರೂ ಈ ಪತ್ರ ಓದಲಿ, ಡಬ್ಬಿ ಕಟ್ಟುವುದು ಅವರಿಗೂ ಬರುತ್ತದೆ. ದೊಡ್ಡ ಡಬ್ಬಿಯಲ್ಲಿ ನೂಡಲ್ಸ್, ಸಣ್ಣ ಡಬ್ಬಿಯಲ್ಲಿ ಚಿಪ್ಸ್, ಜೊತೆಗೆ ಜ್ಯೂಸ್ ಪ್ಯಾಕೆಟ್. ಸಂಜೆ ಬಂದರೆ ಕೂಲ್‌ಡ್ರಿಂಕ್. ಒಂದು 300 ಎಂಎಲ್ ಕೋಲಾದಲ್ಲಿ 30 ಗ್ರಾಂ ಮೇಲೆ ಸಕ್ಕರೆ ಇರುತ್ತದೆ. ಏಳೆಂಟು ಚಮಚ. ಚಹಾಕ್ಕೆ ಅಷ್ಟು ಹಾಕಿದರೆ ನೀನೇ ಉಗುಳುತ್ತೀ, ಅಲ್ವಾ? ತಣ್ಣಗೆ, ಗ್ಯಾಸ್ ಹಾಕಿ ಕೊಟ್ಟರೆ ಮಗುವಿಗೆ ಗೊತ್ತೇ ಆಗುವುದಿಲ್ಲ. ಹೊಟ್ಟೆಯೂ ತುಂಬುವುದಿಲ್ಲ. ಅದಕ್ಕೇ ಮೊದಲು ಕುಡಿಯುವುದನ್ನು ಬದಲಿಸು. ನೀರು, ಸಕ್ಕರೆ ಹಾಕದ ಮಜ್ಜಿಗೆ. ಫ್ರಿಜ್‌ನಲ್ಲಿ ಬಾಟಲಿ ಇಟ್ಟು "ಕುಡಿಯಬೇಡ" ಅನ್ನುವುದು ಮಗುವಿಗೆ ಮಾಡುವ ಮೋಸ. ಮನೆಗೆ ತರುವುದನ್ನೇ ಬಿಡಿ, ಅಳಿಯಂದಿರಿಗೂ ಸೇರಿ.

ತಿನ್ನುವುದಕ್ಕೆ ಹೊಸದೇನೂ ಹುಡುಕಬೇಕಾಗಿಲ್ಲ. ನಮ್ಮದೇ ಜೋಳದ ರೊಟ್ಟಿ ಇದೆ. ಅದನ್ನು ಅಗಿಯಲೇಬೇಕು, ಅಗಿಯುತ್ತಾ ಹೋದರೆ ಹೊಟ್ಟೆ ತುಂಬಿದ್ದು ತಿಳಿಯುತ್ತದೆ. ಪುಂಡಿ ಪಲ್ಯ, ತೊಗರಿಬೇಳೆ, ಮೊಳಕೆ ಹೆಸರು, ಒಂದು ಮೊಟ್ಟೆ. ಅವನು ರೊಟ್ಟಿ ಒಲ್ಲೆ ಅನ್ನುತ್ತಾನೆ ಅಂತ ನೀನು ಹೇಳಿದೆ. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಸವರಿ ಸುರುಳಿ ಮಾಡಿ ಕೊಡು, ಒಂದು ವಾರ ನೋಡು. ಹಿಂಡಿ ಒಂದು ಚಮಚ ಸಾಕು, ಎಣ್ಣೆ ಸುರಿಯಬೇಡ. ಹೋಳಿಗೆ ತಿನ್ನುವ ದಿನ ತಿನ್ನಲಿ. ಸಂತೋಷದಿಂದ, ಎಲ್ಲರ ಜೊತೆ ಕೂತು ತಿನ್ನಲಿ. ಮತ್ತೆ ಊಟದ ಹೊತ್ತಿನಲ್ಲಿ ಟಿವಿ, ಮೊಬೈಲ್ ಬೇಡ. ರಾತ್ರಿ ಹನ್ನೊಂದರವರೆಗೆ ಎಚ್ಚರ ಇರುತ್ತಾನೆ ಅಂದೆಯಲ್ಲ, ಅದೂ ತೂಕಕ್ಕೆ ಸೇರುತ್ತದೆ. ಅವನ ವಯಸ್ಸಿಗೆ ಕಡಿಮೆ ಅಂದರೂ ಒಂಬತ್ತು ಗಂಟೆ ನಿದ್ದೆ ಬೇಕು.

ಶಾಲೆಯ ವಿಷಯ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ಮೂವತ್ತು ವರ್ಷದ ಮೇಲೆ ದೈಹಿಕ ಶಿಕ್ಷಕನಾಗಿದ್ದೆ. ಪರೀಕ್ಷೆ ಹತ್ತಿರ ಬಂತು ಅಂದರೆ ಗಣಿತದ ಮಾಸ್ತರು ಬಂದು "ಸರ್, ನಿಮ್ಮ ಪೀರಿಯಡ್ ಕೊಡ್ರಿ" ಅನ್ನುತ್ತಿದ್ದರು. ನಾನು ಕೊಡುತ್ತಿದ್ದೆ. ಮೊದಲು ಪರೀಕ್ಷೆಯ ತಿಂಗಳು ಮಾತ್ರ ಇತ್ತು. ಆಮೇಲೆ ದಸರಾ ಮುಗಿದ ಮೇಲೆ ಆಟವೇ ಇಲ್ಲ ಅನ್ನುವಂತಾಯ್ತು. ಯಾರೂ ಕೇಳಲಿಲ್ಲ. ಒಬ್ಬ ಪಾಲಕರೂ ಬಂದು "ನಮ್ಮ ಮಗುವಿನ ಆಟದ ಪೀರಿಯಡ್ ಎಲ್ಲಿ ಹೋಯಿತು" ಅಂತ ಕೇಳಲಿಲ್ಲ. ಕೇಳಿದ್ದರೆ ಅದನ್ನೇ ಹಿಡಿದು ನಾನು ನಿಲ್ಲುತ್ತಿದ್ದೆ ಅಂತ ಈಗ ಅನಿಸುತ್ತದೆ. ಕೇಳದಿದ್ದರೂ ನಿಲ್ಲಬೇಕಿತ್ತು.

ಅದಕ್ಕೇ ನಿನಗೆ ಹೇಳುವುದು, ನೀನು ಹೋಗಿ ಕೇಳು. ಒಬ್ಬಳೇ ಹೋಗಬೇಡ, ನಾಲ್ಕು ಜನ ತಾಯಂದಿರು, ತಂದೆಯರು ಸೇರಿ ಹೋಗಿ. ಮಕ್ಕಳು ದಿನಕ್ಕೆ 60 ನಿಮಿಷ ಮೈ ಬೆವರುವಂತೆ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಟದ ಮೈದಾನ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಬರೆದಿದೆ. ಶಾಲೆಯ ಕ್ಯಾಂಟೀನಿನಲ್ಲಿ, ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ. ಅಪ್ಪುವಿನದು ಸಿಬಿಎಸ್‌ಇ ಶಾಲೆ ಅಲ್ವಾ? ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಅಂತ ತೋರಿಸುವ ಶುಗರ್ ಬೋರ್ಡ್ ಹಾಕಲು ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಹೇಳಿದೆ. ಹಾಕಿದ್ದಾರಾ ನೋಡು. ಹುಟ್ಟುಹಬ್ಬಕ್ಕೆ ಕ್ಲಾಸಿಗೆಲ್ಲ ಚಾಕೊಲೇಟ್ ಹಂಚುವುದನ್ನೂ ಮಾತಾಡಿ. ಒಂದು ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದರೆ ವರ್ಷಕ್ಕೆ ನಲವತ್ತು ಹುಟ್ಟುಹಬ್ಬ. ಪೆನ್ಸಿಲ್ ಕೊಟ್ಟರೆ ಆಗದಾ?

ಜಗಳಕ್ಕೆ ಹೋಗಬೇಡ. ಆಟದ ಮಾಸ್ತರರನ್ನು ಮೊದಲು ಮಾತಾಡಿಸು. ಅವರು ನಿನ್ನಂಥ ಒಬ್ಬ ತಾಯಿಗಾಗಿಯೇ ಕಾಯುತ್ತಿರಬಹುದು. ಒಂದು ಮಾತು ಗಟ್ಟಿಯಾಗಿ ಹೇಳು: ದಪ್ಪ ಇರುವ ಮಕ್ಕಳನ್ನು ಓಟದಲ್ಲಿ ಕೊನೆಗೆ ಬಿಟ್ಟು, ತಂಡ ಆರಿಸುವಾಗ ಕೊನೆಗೆ ಉಳಿಸಿ, ಉಳಿದವರನ್ನು ನಗಿಸಬಾರದು. ಅಂಥ ಮಗು ಹೊಟ್ಟೆನೋವು ಅಂತ ಹೇಳಿ ಕ್ಲಾಸಿನಲ್ಲೇ ಕೂರುತ್ತದೆ. ನಾನು ನೋಡಿದ್ದೇನೆ. ಲಗೋರಿ, ಹಗ್ಗ ಜಗ್ಗಾಟ, ಚೆಂಡು ಎಸೆತ, ಇಂಥವು ಇರಲಿ. ಹಗ್ಗ ಜಗ್ಗಾಟದಲ್ಲಿ ಅಪ್ಪುವನ್ನು ಮೊದಲು ಕರೆಯುತ್ತಾರೆ, ನೋಡು.

ನಮ್ಮ ಬೇಸಿಗೆಯ ಚಿಂತೆ ನನಗೂ ಇದೆ. ಏಪ್ರಿಲ್ ಬಂದರೆ ಬಿಸಿಲು 42 ಡಿಗ್ರಿ ದಾಟುತ್ತದೆ. ಹಾಗಂತ ಬಾಗಿಲು ಹಾಕಿ ಕೂಲರ್ ಮುಂದೆ ಕೂರಿಸಿದರೆ ಎರಡು ತಿಂಗಳು ಹೋಯ್ತು. ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸಂಜೆ ಹೊತ್ತು ಇಳಿದ ಮೇಲೆ ನಿಮ್ಮೂರ ಅಪ್ಪನ ಕೆರೆ ಕಡೆ ಹೋಗಿ. 60 ನಿಮಿಷ ಒಂದೇ ಸಲ ಆಗಬೇಕಂತ ಏನಿಲ್ಲ. ನೀವಿಬ್ಬರೂ ಜೊತೆ ನಡೆಯಿರಿ. ಬೆಂಚಿನ ಮೇಲೆ ಕೂತು "ಓಡು, ಓಡು" ಅನ್ನಬೇಡಿ.

ಧಡಿಯ, ಗುಂಡ, ಈ ಹೆಸರುಗಳು ಇನ್ನು ನಮ್ಮ ಮನೆಯಲ್ಲಿ ಬೇಡ. ಹೊಲದಲ್ಲಿ ಆ ಮಾತು ಅಂದವರ ಹತ್ತಿರ ನಾನೇ ಮಾತಾಡಿದ್ದೇನೆ. ಅವರಿಗೆ ಬೇಜಾರಾಯಿತು, ಆಗಲಿ. ನೀನು ಅಪ್ಪುವಿನ ಹತ್ತಿರ ತೂಕದ ಮಾತು ಎತ್ತಲೇಬೇಡ. "ಅವತ್ತು ನಾನು ನಗಬಾರದಿತ್ತು" ಅಂತ ಒಂದು ಮಾತು ಹೇಳು, ಅಷ್ಟು ಸಾಕು.

ಶನಿವಾರ ಸಂಜೆ ಬಸ್ಸಿಗೆ ಬರುತ್ತೇನೆ. ಜೋಳದ ಹಿಟ್ಟು ಬೀಸಿಸಿ ಇಟ್ಟಿದ್ದೇನೆ, ಹೊಲದ ಹಸಿ ಕಡಲೆಯೂ ಇದೆ. ನಿಮ್ಮ ಬಾಲ್ಕನಿಯಲ್ಲಿ ಅಪ್ಪುವಿನ ಸೈಕಲ್ ಗಾಳಿ ಹೋಗಿ ನಿಂತಿತ್ತು, ಪಂಪ್ ನಾನೇ ತರುತ್ತೇನೆ. ಭಾನುವಾರ ಬೆಳಿಗ್ಗೆ ಆರಕ್ಕೆ ಅವನನ್ನು ಎಬ್ಬಿಸಿಡು.

ನಿನ್ನ
ಮಾಮ