ಲೋ ಗುಂಡ, ಇನ್ನೂ ಡಿಕ್ಲೇರ್ ಆಗಿಲ್ಲ ಕಣೋ

ಪ್ರೀತಿಯ ಗುಂಡ,

ಮೊನ್ನೆ ಕ್ಯಾತ್ಸಂದ್ರದಲ್ಲಿ ಒಬ್ಬನೇ ಕೂತು ತಟ್ಟೆ ಇಡ್ಲಿ ತಿಂದೆ. ಎರಡೇ. ಮೂರನೆಯದರ ವಿಷಯ ಇಲ್ಲಿ ಎತ್ತಬೇಡ, ಎಲ್ಲರೂ ಓದುತ್ತಿದ್ದಾರೆ.

'ಗೌರ್ಮೆಂಟ್ ಕೆಲಸ ಸಿಕ್ಕಿತಲ್ಲ, ಇನ್ನೇನು' ಅಂದಿದ್ದೆ ನೀನು. ಇನ್ನೇನು ಅಂದರೆ ಪ್ರೊಬೇಷನ್, ಕೆಲಸ ಖಾಯಂ ಆಗೋ ಮುಂಚಿನ ಪರೀಕ್ಷೆಯ ಕಾಲ. ರಾಜ್ಯ ಸರ್ಕಾರದ 1977ರ ಪ್ರೊಬೇಷನ್ ನಿಯಮದ ಪ್ರಕಾರ ಕಡಿಮೆ ಅಂದರೂ 2 ವರ್ಷ. ಅಷ್ಟರೊಳಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬೇರೆ. 2 ವರ್ಷ ಕಳೆದ ಮಾತ್ರಕ್ಕೆ ಮುಗಿಯಿತು ಅಂತಲೂ ಅಲ್ಲ. 'ತೃಪ್ತಿಕರವಾಗಿ ಪೂರೈಸಿದ್ದಾರೆ' ಅಂತ ಆದೇಶ ಬರಬೇಕು, ಅದಕ್ಕೇ 'ಡಿಕ್ಲೇರ್ ಆಗೋದು' ಅನ್ನೋದು. ಬರದಿದ್ದರೆ ಇನ್ನೂ ಎಳೆಯಬಹುದು, ಮನೆಗೂ ಕಳಿಸಬಹುದು. ನನ್ನ 2 ವರ್ಷ ಮುಗಿದು ನಾಲ್ಕು ತಿಂಗಳಾಯಿತು. ಫೈಲು ಯಾವುದೋ ಟೇಬಲ್ ಮೇಲೆ ತಪಸ್ಸಿಗೆ ಕೂತಿದೆ. ಹೆಣ್ಣಿನ ಕಡೆಯವರೂ ಈಗ ಜಾತಕಕ್ಕಿಂತ ಮೊದಲು 'ಡಿಕ್ಲೇರ್ ಆಯ್ತಾ?' ಅಂತ ಕೇಳುತ್ತಾರೆ.

ಇಷ್ಟಕ್ಕೇ ನಗಾಡಿಕೊಂಡು ಮುಗಿಸೋಣ ಅಂತಿದ್ದೆ.

ಹೋದ ವಾರ ಆಫೀಸಿಗೆ ಒಂದು ಅಜ್ಜಿ ಬಂದಿತ್ತು. ವಯಸ್ಸಾದವರಿಗೆ ಸರ್ಕಾರ ಕೊಡೋ ಸಂಧ್ಯಾ ಸುರಕ್ಷಾ ಪಿಂಚಣಿ ಹಣ, ತಿಂಗಳಿಗೆ 1,200 ರೂಪಾಯಿ, ಯುಗಾದಿಯಿಂದ ಬಂದಿಲ್ಲ. ನಮ್ಮ ಕೇಸ್ ವರ್ಕರ್ 'ಬ್ಯಾಂಕಲ್ಲಿ ಕೇಳಮ್ಮ' ಅಂದರು. ಮೂರನೇ ಸಲ. ಪಕ್ಕದಲ್ಲಿದ್ದ ನನಗೆ ಸ್ಕ್ರೀನ್ ಕಾಣುತ್ತಿತ್ತು. ಅಜ್ಜಿ ಹೆಸರಿನ ಮುಂದೆ 'ಮರಣ' ಅಂತಿತ್ತು. ತೀರಿಕೊಂಡಿದ್ದು ಅದೇ ಹೆಸರಿನ ಇನ್ನೊಬ್ಬರು. ಹೇಳಿದರೆ ತಪ್ಪು ಕೇಸ್ ವರ್ಕರ್ ತಲೆಗೆ ಬರುತ್ತದೆ. ನನ್ನ ಬಗ್ಗೆ ಸಾಹೇಬರ ಕಿವಿಗೆ ಒಳ್ಳೆ ಮಾತು ಹಾಕಬೇಕಾದವರೂ ಅವರೇ. ಸುಮ್ನೆ ಸ್ಟೇಪ್ಲರ್‌ಗೆ ಪಿನ್ ತುಂಬಿಸಿದೆ, ಮೊದಲೇ ತುಂಬಿತ್ತು. ಅಜ್ಜಿ ಹೋಗುವಾಗ ನನಗೂ ಕೈ ಮುಗಿಯಿತು.

ಆದೇಶ ಬರಲಿ, ಆಮೇಲೆ ಬಾಯಿ ಬಿಡುತ್ತೇನೆ ಅಂದುಕೊಂಡೆ ರಾತ್ರಿ. ನಮ್ಮಲ್ಲಿ ಆದೇಶ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡೆ. ಒಬ್ಬರೂ ಬಾಯಿ ಬಿಟ್ಟಿದ್ದು ನೆನಪಾಗಲಿಲ್ಲ. ಆಮೇಲೆ ನಿದ್ದೆ ಬರಲಿಲ್ಲ ಕಣೋ.

ಅಜ್ಜಿಯ ಊರು, ಹೆಸರು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಚೀಟಿ ಇನ್ನೂ ಜೇಬಿನಲ್ಲೇ ಇದೆ.

ಸರಿ ಬಿಡು, ಜಾಸ್ತಿ ಬರೆದೆ. ನಮ್ಮ ಆಫೀಸಿನವರು ಓದಿದರೆ ಇದೆಲ್ಲ ನಿನ್ನ ಕಥೆ ಅಂತ ಹೇಳಿಬಿಡುತ್ತೇನೆ. ಸೈಕಲ್ ವಿಷಯದಲ್ಲಿ ನೀನೂ ಹಾಗೇ ಮಾಡಿದ್ದೆ ಅಲ್ವಾ? ದೇವರಾಯನದುರ್ಗಕ್ಕೆ ಯಾವಾಗ ಬರುತ್ತೀಯ, ಹೇಳು. ರಜೆ ಕೇಳಲು ನನಗೆ ಧೈರ್ಯವಿಲ್ಲ, ಭಾನುವಾರವೇ ಬಾ.

ಇಂತಿ ನಿನ್ನ,
ಇನ್ನೂ ತೃಪ್ತಿಕರವಾಗದ ಗೆಳೆಯ