ಡೇವಿಡ್ ಅಂತ ಕರೆದು ನೋಡು

ಪ್ರೀತಿಯ ಮಗೂ,

ನಿನ್ನ ಕಾದಂಬರಿಯ ಕಟ್ಟು ತಲುಪಿತು. ಜೊತೆಗಿದ್ದ ಚೀಟಿಯೂ. ‘ಇದಕ್ಕೆ ಜೀವವೇ ಬರ್ತಿಲ್ಲ ಸಾರ್, ಒಲೆಗೆ ಹಾಕಲಾ?’ ಅಂತ ಕೇಳಿದ್ದೀಯ. ಹಾಕಬೇಡ. ಕಾಗುಣಿತ, ಅಧ್ಯಾಯದ ಉದ್ದ, ಪ್ರಕಾಶಕರು, ಇದನ್ನೆಲ್ಲ ಬೇರೆ ಯಾರಾದರೂ ಹೇಳಿಕೊಡುತ್ತಾರೆ. ನನ್ನದು ಒಂದೇ ತಕರಾರು, ಹೆಸರುಗಳದ್ದು.

1936ರ ಡಿಸೆಂಬರ್. ಅಣ್ಣ, ಬ್ರಿಟನ್ನಿನ ದೊರೆ ಎಂಟನೇ ಎಡ್ವರ್ಡ್, ಸಿಂಹಾಸನ ಬಿಟ್ಟು ಹೊರಟಿದ್ದಾನೆ, ತಮ್ಮನಿಗೆ ಕೈಕಾಲೇ ಆಡುತ್ತಿಲ್ಲ. ಒಳ್ಳೆ ಸನ್ನಿವೇಶ. ಅಲ್ಲಿ ನಿನ್ನ ತಮ್ಮ ‘ಎಡ್ವರ್ಡ್, ಇನ್ನೊಮ್ಮೆ ಯೋಚಿಸು’ ಅನ್ನುತ್ತಾನೆ. ಅಣ್ಣ ‘ಕ್ಷಮಿಸು ಜಾರ್ಜ್’ ಅನ್ನುತ್ತಾನೆ. ನಾನು ಅಲ್ಲೇ ಕಟ್ಟು ಮಡಚಿಟ್ಟು ಕಾಫಿ ಕುಡಿಯಲು ಎದ್ದುಹೋದೆ.

ಆ ಮನೆಯಲ್ಲಿ ಅವನನ್ನು ಎಡ್ವರ್ಡ್ ಅಂತ ಯಾರು ಕರೆಯುತ್ತಿದ್ದರಮ್ಮ? ಅವನಿಗೆ ಇಟ್ಟದ್ದು ಏಳು ಹೆಸರು. ಮನೆಯವರ ಬಾಯಲ್ಲಿ ಉಳಿದದ್ದು ಕೊನೆಯದು, ಡೇವಿಡ್. ತಮ್ಮ ಬರ್ಟಿ. ‘ಜಾರ್ಜ್’ ಅಂದಿದ್ದರೆ ಅವರಿಬ್ಬರ ಕಿರಿ ತಮ್ಮ, ಡ್ಯೂಕ್ ಆಫ್ ಕೆಂಟ್, ತಿರುಗಿ ನೋಡುತ್ತಿದ್ದ! ಆರನೇ ಜಾರ್ಜ್ ಅನ್ನೋದು ಬರ್ಟಿ ಪಟ್ಟಕ್ಕೆ ಬಂದಾಗ ಹೊದ್ದುಕೊಂಡ ಹೆಸರು, ಅಪ್ಪನದು.

ಬರ್ಟಿ ಅನ್ನೋದರ ಹಿಂದೆಯೂ ಒಂದು ಕತೆ ಇದೆ. ಅವನು ಹುಟ್ಟಿದ್ದು 1895ರ ಡಿಸೆಂಬರ್ 14ರಂದು. ಮುತ್ತಜ್ಜಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಸತ್ತದ್ದೂ ಅದೇ ತಾರೀಖು, 1861ರಲ್ಲಿ. ಮುದುಕಿಗೆ ಸಂಕಟ ಆಗಬಾರದು ಅಂತ ಕೂಸಿಗೆ ಆಲ್ಬರ್ಟ್ ಅಂತಲೇ ಇಟ್ಟರು. ಅದೇ ಮನೆಯವರ ಬಾಯಲ್ಲಿ ಬರ್ಟಿ ಆಯಿತು. ಇದು ನಿನ್ನ 300 ಪುಟದಲ್ಲಿ ಎಲ್ಲೂ ಇಲ್ಲ. ಪರದೆಗಳ ಬಣ್ಣ ಮಾತ್ರ ನಾಲ್ಕು ಪುಟ ಇದೆ.

ವಿಕ್ಟೋರಿಯಾಳ ಹೆಸರಿಟ್ಟ ದಿನವೂ ಜಗಳವೇ. 1819ರಲ್ಲಿ ಅಪ್ಪ ಅಮ್ಮ ಬಯಸಿದ ‘ಜಾರ್ಜಿಯಾನ’ವನ್ನು ದೊಡ್ಡಪ್ಪ ಬೇಡ ಅಂದುಬಿಟ್ಟ. ಕೊನೆಗೆ ಉಳಿದದ್ದು ಅಲೆಕ್ಸಾಂಡ್ರಿನಾ ವಿಕ್ಟೋರಿಯಾ. ಚಿಕ್ಕವಳಿದ್ದಾಗ ಅವಳನ್ನು ಮನೆಯಲ್ಲಿ ಡ್ರಿನಾ ಅನ್ನುತ್ತಿದ್ದರು. 1917ರಲ್ಲಿ ಜರ್ಮನಿಯ ಜೊತೆ ಯುದ್ಧ ನಡೆದಿದ್ದಾಗ ಡೇವಿಡ್, ಬರ್ಟಿಯರ ಅಪ್ಪ ಐದನೇ ಜಾರ್ಜ್ ಜರ್ಮನ್ ಮನೆತನದ ಹೆಸರನ್ನೇ ಕಿತ್ತು ವಿಂಡ್ಸರ್ ಅಂತ ಇಟ್ಟುಕೊಂಡ. ಕೋಟೆಯ ಹೆಸರು. ಬಂಧುಗಳಾದ ಬ್ಯಾಟನ್‌ಬರ್ಗ್‌ನವರೂ ಬದಲಾದರು. ಬರ್ಗ್ ಅಂದರೆ ಬೆಟ್ಟ, ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಮೌಂಟ್‌ಬ್ಯಾಟನ್. ಆಗ 17 ವರ್ಷದ ಹುಡುಗನಾಗಿದ್ದ ನಮ್ಮ ಕೊನೆಯ ವೈಸ್‌ರಾಯ್ ಮನೆಯವರಿಗೆ ಮೊದಲೂ ಡಿಕ್ಕಿ, ಆಮೇಲೂ ಡಿಕ್ಕಿ. ನಮ್ಮ ಕಿವಿಗೆ ಕಾರಿನ ಹಿಂಭಾಗ ನೆನಪಾದರೂ ಪರವಾಗಿಲ್ಲ, ಹಾಗೇ ಬರೆ.

ಇಷ್ಟು ರೇಗೋದು ಯಾಕೆ ಅಂತೀಯಾ? ನನ್ನ ಮೊದಲ ಕತೆ ಅಜ್ಜಿಯ ಬಗ್ಗೆ. ಊರಿಗೆಲ್ಲ ಅವಳು ಪುಟ್ಟಕ್ಕ. ಪತ್ರಿಕೆಯವರು ‘ಸ್ವಲ್ಪ ಘನತೆ ಇರಲಿ’ ಅಂತ ಅದನ್ನು ಲಕ್ಷ್ಮೀದೇವಿ ಮಾಡಿದರು. ಅಚ್ಚಾದರೆ ಸಾಕು ಅಂತ ನಾನು ಸುಮ್ನೆ ಇದ್ದೆ. ಆಮೇಲೆ ಅಜ್ಜಿಯ ಎದುರು ಕೂತು ಓದಿದೆ. ಪೂರ್ತಿ ಕೇಳಿಸಿಕೊಂಡಳು. ‘ಚೆನ್ನಾಗಿದೆ ಕಣೋ. ಆದ್ರೆ ಯಾರೋ ಈ ಹೆಂಗ್ಸು?’ ಅಂದಳು.

ಇಡೀ ಕಟ್ಟು ತಿದ್ದಬೇಡ. ಅಣ್ಣ ತಮ್ಮಂದಿರ ಆ ಒಂದು ಅಧ್ಯಾಯ ಮತ್ತೆ ಬರೆದು ಕಳಿಸು. ಪರದೆಗಳು ಬೇಡ.

ನಿನ್ನ,
ಮೇಷ್ಟ್ರು