ಅರ್ಹತೆಯ ಮಾತಿಗೆ ಮುಂಚೆ, ಮತ ಹಾಕಿದವರು ಯಾರು ಎಂದು ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ರಿಯಾಲಿಟಿ ಶೋ ಒಂದರ ಫಿನಾಲೆ ಮುಗಿದ ಮರುದಿನ ಮನರಂಜನಾ ಪುಟಗಳಲ್ಲಿ ‘ಅರ್ಹರು ಗೆಲ್ಲಲಿಲ್ಲ’ ಎಂಬ ಮಾತು ತಪ್ಪದೆ ಕಾಣುತ್ತದೆ. ಬಿಗ್ ಬಾಸ್ ಕನ್ನಡದ ಬಗ್ಗೆಯೂ ಇದೇ ಮಾತು, ಅಮೆರಿಕದ ಸರ್ವೈವರ್ ಬಗ್ಗೆಯೂ ಇದೇ ಮಾತು. ಆದರೆ ಅವೆರಡೂ ಬೇರೆ ಬೇರೆ ಆಟಗಳು. ಒಂದರಲ್ಲಿ ವಿಜೇತರನ್ನು ಆರಿಸುವವರು ಮನೆಯಲ್ಲಿ ಕೂತು ನೋಡುವ ವೀಕ್ಷಕರು. ಇನ್ನೊಂದರಲ್ಲಿ ಆರಿಸುವವರು ಅದೇ ಆಟದಲ್ಲಿ ಸೋತು ಹೊರಬಿದ್ದ ಸ್ಪರ್ಧಿಗಳು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು ಗೆದ್ದವರನ್ನು ಅನರ್ಹರೆನ್ನುವುದು ಅವರಿಗೆ ಮಾಡುವ ಅನ್ಯಾಯ.

ಸ್ಪರ್ಧಿಗಳನ್ನು ದೂರದ ಕಾಡು-ಕಡಲತೀರದಲ್ಲಿ ಬಿಟ್ಟು ಆಡಿಸುವ ಸರ್ವೈವರ್ ಸಿಬಿಎಸ್ ವಾಹಿನಿಯಲ್ಲಿ ಶುರುವಾದದ್ದು 2000ದ ಮೇ 31ರಂದು. ಮೊದಲ ಸೀಸನ್‌ನಲ್ಲಿ 16 ಸ್ಪರ್ಧಿಗಳು, 39 ದಿನ, 10 ಲಕ್ಷ ಡಾಲರ್ ಬಹುಮಾನ. ಜೊತೆಯಲ್ಲಿ ಇರುವವರೇ ಮತ ಹಾಕಿ ಒಬ್ಬೊಬ್ಬರನ್ನು ಕಳಿಸುತ್ತ ಹೋಗಿ, ಕೊನೆಗೆ ಉಳಿದ ಇಬ್ಬರಲ್ಲಿ ಯಾರಿಗೆ ಹಣ ಎಂಬುದನ್ನು ಅವರಿಗಿಂತ ಮುಂಚೆ ಹೊರಬಿದ್ದ 7 ಮಂದಿಯ ಜ್ಯೂರಿ ತೀರ್ಮಾನಿಸಿತು. ರಿಚರ್ಡ್ ಹ್ಯಾಚ್ 4–3ರಲ್ಲಿ ಗೆದ್ದರು. ಆ ಜ್ಯೂರಿಯ ಒಬ್ಬರು ಆಟದ ಬಗ್ಗೆ ಏನೂ ಕೇಳದೆ, 1ರಿಂದ 10ರೊಳಗೆ ಒಂದು ಸಂಖ್ಯೆ ಹೇಳಿ ಎಂದರು. ಹ್ಯಾಚ್ 7 ಎಂದರು, ಎದುರಾಳಿ ಕೆಲ್ಲಿ ವಿಗಲ್ಸ್‌ವರ್ತ್ 3 ಎಂದರು. ಆ ಸದಸ್ಯರ ಮತ ಹ್ಯಾಚ್‌ಗೆ ಬಿತ್ತು. ಇದನ್ನು ಹುಡುಗಾಟ ಎಂದು ತಳ್ಳಿಹಾಕುವವರು ಒಂದು ಮುಖ್ಯ ಸಂಗತಿಯನ್ನು ಮರೆಯುತ್ತಾರೆ: ಜ್ಯೂರಿ ಯಾವ ಆಧಾರದ ಮೇಲೆ ಮತ ಹಾಕಬೇಕು ಎಂಬ ನಿಯಮ ಈ ಆಟದಲ್ಲಿ ಇಲ್ಲ. ತಂತ್ರ ನೋಡಬಹುದು, ಟಾಸ್ಕ್ ಗೆಲುವು ನೋಡಬಹುದು, ಕಷ್ಟದ ದಿನ ಒಂದು ಹಿಡಿ ಅನ್ನ ಹಂಚಿಕೊಂಡದ್ದನ್ನು ನೆನೆಯಬಹುದು, ಸಿಟ್ಟನ್ನೂ ತೀರಿಸಿಕೊಳ್ಳಬಹುದು. ಹಾಗಾಗಿ ಎದುರಿಗೆ ಕೂತ ಏಳು ಅಥವಾ ಒಂಬತ್ತು ಜನ ಯಾವುದಕ್ಕೆ ಬೆಲೆ ಕೊಡುತ್ತಾರೆ ಎಂದು ಅರಿಯುವುದೇ ಆಟದ ಅರ್ಧ ಕೆಲಸ.

2009ರ ಸಮೋವಾ ಸೀಸನ್ ನೋಡಿ. ‘ಅರ್ಹರು ಸೋತರು’ ಎಂಬ ವಾದಕ್ಕೆ ಎಲ್ಲರೂ ಮೊದಲು ಕೊಡುವ ಉದಾಹರಣೆ ಇದೇ. ರಸೆಲ್ ಹ್ಯಾಂಟ್ಜ್ ಯಾವ ಸುಳಿವೂ ಇಲ್ಲದೆ ಬಚ್ಚಿಟ್ಟ ಇಮ್ಯುನಿಟಿ ಐಡಲ್ (ಮತದಾನದಲ್ಲಿ ಹೊರಬೀಳದಂತೆ ಕಾಪಾಡುವ ವಸ್ತು) ಹುಡುಕಿ ತೆಗೆದರು. ಅಲ್ಲಿಯವರೆಗೆ ಬೇರೆ ಬೇರೆಯಾಗಿ ಆಡಿದ ಎರಡು ತಂಡಗಳು ಒಂದಾದ ದಿನ ಗಾಲು ತಂಡದವರು 8, ರಸೆಲ್ ಅವರ ಫೋವಾ ಫೋವಾ ತಂಡದವರು ಬರೀ 4. ಆ ನಾಲ್ವರಲ್ಲಿ ಮೂವರು ಫೈನಲ್ ತಲುಪಿದರು. ಪರದೆಯ ಮೇಲೆ ಇಡೀ ಸೀಸನ್ ರಸೆಲ್ ಅವರದೇ. ಜ್ಯೂರಿ ಮತ ಎಣಿಸಿದಾಗ ನಟಾಲಿ ವೈಟ್‌ಗೆ 7, ರಸೆಲ್‌ಗೆ 2, ಮಿಕ್ ಟ್ರಿಮಿಂಗ್‌ಗೆ ಸೊನ್ನೆ.

ಈ ಫಲಿತಾಂಶದಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. 4 ಜನ 8 ಜನರನ್ನು ಒಬ್ಬೊಬ್ಬರಾಗಿ ಹೊರಹಾಕಿದರೆ ಜ್ಯೂರಿಯಲ್ಲಿ ಕೂರುವವರು ಆ 8 ಜನರೇ. 9 ಮತಗಳಲ್ಲಿ 8 ಗಾಲು ತಂಡದವು. ಎಂದರೆ ಗೆಲ್ಲಬೇಕಾದವರು ಎದುರು ತಂಡದ ಕನಿಷ್ಠ ಮೂರು ಜನರ ಮನಸ್ಸಿನಲ್ಲಿ ಜಾಗ ಮಾಡಿಕೊಳ್ಳಲೇಬೇಕಿತ್ತು. ನಟಾಲಿ ಮಾಡಿದ್ದು ಅದನ್ನೇ. ಗಾಲು ತಂಡದ ಹೆಣ್ಣುಮಕ್ಕಳ ಜೊತೆ ಬೆರೆತರು. ತಂಡಗಳು ಒಂದಾದ ಮೇಲಿನ ಮೊದಲ ಮತದಾನದಲ್ಲೇ ಗಾಲು ತಂಡದವರೇ ಆದ ಎರಿಕ್ ಕಾರ್ಡೋನಾರನ್ನು ಆ ಹೆಣ್ಣುಮಕ್ಕಳೇ ಹೊರಹಾಕುವಂತೆ ಒಪ್ಪಿಸಿದರು. ಕೊನೆಯ ಸಭೆಯಲ್ಲಿ ನಟಾಲಿ ಪರವಾಗಿ ಗಟ್ಟಿಯಾಗಿ ಮಾತಾಡಿದವರೂ ಅದೇ ಎರಿಕ್. ರಸೆಲ್ ಹೊರಹಾಕುವ ಕೆಲಸವನ್ನು ಚೆನ್ನಾಗಿ ಮಾಡಿದರು, ಹೊರಹಾಕಿದವರನ್ನು ಒಲಿಸಿಕೊಳ್ಳುವ ಕೆಲಸ ಮಾಡಲೇ ಇಲ್ಲ. ಹೀಗಿರುವಾಗ ನಟಾಲಿ ಅನರ್ಹರು ಎನ್ನಲು ಆಧಾರವೇನು?

ಅದೇ ಸೀಸನ್‌ನಲ್ಲಿ ವೀಕ್ಷಕರ ಮತದಿಂದ ಕೊಡುವ 1 ಲಕ್ಷ ಡಾಲರ್ ಬಹುಮಾನ ಪ್ರತ್ಯೇಕವಾಗಿತ್ತು. ಅದು ರಸೆಲ್‌ಗೆ ಹೋಯಿತು. ಒಂದೇ ಆಟ, ಅವೇ ದಿನಗಳು; ಮತದಾರರು ಬೇರೆಯಾದ ಕೂಡಲೇ ವಿಜೇತರೂ ಬೇರೆ. ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಮುಂದಿನ ಸೀಸನ್‌ನ ಚಿತ್ರೀಕರಣ ಸಮೋವಾ ಪ್ರಸಾರವಾಗುವ ಮೊದಲೇ ನಡೆದಿದ್ದರಿಂದ, ತಾವು ಸೋತದ್ದು ತಿಳಿಯದೆ ರಸೆಲ್ ಅಲ್ಲೂ ಹಾಗೆಯೇ ಆಡಿದರು. ಈ ಬಾರಿ ಒಂದು ಮತವೂ ಬರಲಿಲ್ಲ. ಸಾಂಡ್ರಾ ಡಿಯಾಜ್-ಟ್ವೈನ್ 6, ಪಾರ್ವತಿ ಶ್ಯಾಲೋ 3, ರಸೆಲ್ 0.

ಸುಳ್ಳು ಹೇಳಿದ್ದಕ್ಕೆ ಜ್ಯೂರಿ ಶಿಕ್ಷೆ ಕೊಟ್ಟಿತು ಎಂದು ಬರೆಯುವವರಿದ್ದಾರೆ. ಅದೂ ಪೂರ್ತಿ ಸರಿಯಲ್ಲ. 2014ರ ಕಗಯಾನ್ ಸೀಸನ್‌ನಲ್ಲಿ ಟೋನಿ ವ್ಲಾಕೋಸ್ ಆಣೆ ಮಾಡಿ ಆಣೆ ಮುರಿದರು, ಆದರೂ 8–1ರಲ್ಲಿ ಗೆದ್ದರು. ಅಲ್ಲಿ ಕೊನೆಯ ಇಮ್ಯುನಿಟಿ ಟಾಸ್ಕ್ ಗೆದ್ದು, ಫೈನಲ್‌ಗೆ ಯಾರನ್ನು ಕರೆದೊಯ್ಯಬೇಕು ಎಂಬ ಅಧಿಕಾರ ಪಡೆದಿದ್ದವರು ವೂ ಹ್ವಾಂಗ್. ಜ್ಯೂರಿಯಲ್ಲಿ ಹಲವರಿಗೆ, ಉಳಿದಿದ್ದ ಇನ್ನೊಬ್ಬ ಸ್ಪರ್ಧಿ ಕ್ಯಾಸ್ ಮೆಕ್ವಿಲನ್ ಮೇಲೆ ಮುನಿಸಿತ್ತು. ಅವರನ್ನು ಕರೆದೊಯ್ಯುವ ಬದಲು ವೂ ಟೋನಿಯನ್ನು ಆರಿಸಿಕೊಂಡರು. ಎರಡನೇ ಸೀಸನ್‌ನಲ್ಲಿ ಕಾಲ್ಬಿ ಡೊನಾಲ್ಡ್‌ಸನ್ ಮಾಡಿದ್ದೂ ಇದೇ ಲೆಕ್ಕದ ತಪ್ಪು: ಕೀತ್ ಫೇಮಿಯನ್ನು ಬಿಟ್ಟು ಟೀನಾ ವೆಸನ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು 4–3ರಲ್ಲಿ ಸೋತರು. ಅವರ ನಡೆಯನ್ನು ನಾವು ಮೆಚ್ಚಬಹುದು, ಆದರೆ 10 ಲಕ್ಷ ಡಾಲರ್ ಟೀನಾ ಅವರಿಗೇ ಹೋಯಿತು. ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ನಿಮ್ಮ ಆಟದ ಬೆಲೆ ಏರುತ್ತದೆ, ಇಳಿಯುತ್ತದೆ.

ಮತದ ಲೆಕ್ಕವನ್ನೂ ವರದಿಗಳು ಬಿಡಿಸಿ ಹೇಳಬೇಕು. ಇಬ್ಬರು ಫೈನಲ್‌ನಲ್ಲಿದ್ದು ಜ್ಯೂರಿ 7 ಆದರೆ 4 ಮತ ಬೇಕು. ಮೂವರಿದ್ದು ಜ್ಯೂರಿ 9 ಆದರೆ 4–3–2ರಲ್ಲೂ ಗೆಲ್ಲಬಹುದು, ಬಹುಮತವೇ ಬೇಕಿಲ್ಲ. ಜ್ಯೂರಿ ಸಂಖ್ಯೆ ಸಮವಾದರೆ ಟೈ ಆಗುವ ಸಾಧ್ಯತೆ ಹೆಚ್ಚು. 2018ರ ಘೋಸ್ಟ್ ಐಲೆಂಡ್ ಸೀಸನ್‌ನಲ್ಲಿ ವೆಂಡೆಲ್ ಹಾಲಂಡ್ ಮತ್ತು ಡಾಮೆನಿಕ್ ಅಬಾಟೆ ನಡುವೆ 5–5 ಆಗಿ, ಮೂರನೇ ಫೈನಲಿಸ್ಟ್ ಲಾರೆಲ್ ಜಾನ್ಸನ್ ಹಾಕಿದ ಮತ ವೆಂಡೆಲ್‌ರನ್ನು ಗೆಲ್ಲಿಸಿತು. ತನಗೆ ಒಂದೂ ಮತ ಬಾರದವರು ವಿಜೇತರನ್ನು ಆರಿಸಿದ ಪ್ರಸಂಗ ಅದು.

ಜ್ಯೂರಿಗೆ ಏನು ಗೊತ್ತಿರುತ್ತದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಸ್ಪರ್ಧಿಯೊಬ್ಬರು ಕ್ಯಾಮೆರಾ ಮುಂದೆ ಒಂಟಿಯಾಗಿ ಹೇಳಿಕೊಳ್ಳುವ ಲೆಕ್ಕಾಚಾರ ನಮಗೆ ಕೇಳುತ್ತದೆ, ಜ್ಯೂರಿಗೆ ಕೇಳುವುದಿಲ್ಲ. ಜ್ಯೂರಿಗೆ ಗೊತ್ತಿರುವ ನೂರು ಸಣ್ಣ ಮಾತುಕತೆ, ಮುಖ ತಿರುಗಿಸಿದ ಕ್ಷಣಗಳು ಎಡಿಟಿಂಗ್‌ನಲ್ಲಿ ಹೋಗಿ ನಮಗೆ ಕಾಣುವುದಿಲ್ಲ. ಬಿಗ್ ಬಾಸ್‌ನಂಥದ್ದೇ ಆದರೂ ಹೊರಬಿದ್ದವರೇ ವಿಜೇತರನ್ನು ಆರಿಸುವ ಅಮೆರಿಕದ ಬಿಗ್ ಬ್ರದರ್‌ನ ಮೂರನೇ ಸೀಸನ್‌ನಲ್ಲಿ (2002) ಈ ಗೋಡೆ ಬಿದ್ದುಹೋಗಿತ್ತು. ಹೊರಬಿದ್ದವರು ತಮ್ಮ ಮನೆಗೆ ಹೋಗಿ, ಫೈನಲ್ ತಲುಪಿದ ಡ್ಯಾನಿಯಲ್ ರೇಯೆಸ್ ತಮ್ಮ ಬಗ್ಗೆ ಕ್ಯಾಮೆರಾ ಮುಂದೆ ಆಡಿದ ಮಾತನ್ನೆಲ್ಲ ಟಿವಿಯಲ್ಲಿ ನೋಡಿದರು. ಆಟದ ಮನೆಯೊಳಗೆ ಡ್ಯಾನಿಯಲ್ ತಮ್ಮ ಆಟವನ್ನು ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದರೋ ಅಷ್ಟೇ ಜೋರಾಗಿ ಅದು ತಿರುಗಿಬಿತ್ತು. ಎದುರಾಳಿ ಲೀಸಾ ಡೊನಹ್ಯೂ 9–1ರಲ್ಲಿ ಗೆದ್ದರು. ಮುಂದಿನ ಸೀಸನ್‌ನಿಂದ 7 ಮಂದಿಯ ಜ್ಯೂರಿಯನ್ನು ಹೊರಗಿನ ಸಂಪರ್ಕವಿಲ್ಲದೆ ಬೇರೆ ಕಡೆ ಇಡುವ ಪದ್ಧತಿ ಬಂತು. ನಿಯಮದ ದೋಷದಿಂದ ಒಬ್ಬ ಆಟಗಾರ್ತಿ ಸೋತದ್ದು ಎಂದು ನಾನು ಒಪ್ಪುವ ಪ್ರಕರಣ ಇದು. ಸರ್ವೈವರ್‌ನ 2019ರ ಎಡ್ಜ್ ಆಫ್ ಎಕ್ಸ್‌ಟಿಂಕ್ಷನ್ ಸೀಸನ್ ಇನ್ನೊಂದು: ಮೂರನೆಯವರಾಗಿ ಹೊರಬಿದ್ದ ಕ್ರಿಸ್ ಅಂಡರ್‌ವುಡ್ ಮುಂದೆ ಜ್ಯೂರಿಯಾಗುವವರ ಜೊತೆಯಲ್ಲೇ ವಾರಗಟ್ಟಲೆ ಬೇರೊಂದು ದ್ವೀಪದಲ್ಲಿದ್ದು, ಕೊನೆಯ ದಿನಗಳಲ್ಲಿ ಆಟಕ್ಕೆ ಮರಳಿ ಗೆದ್ದರು. ಅಲ್ಲಿಯೂ ಬೊಟ್ಟು ಮಾಡಬೇಕಾದದ್ದು ನಿಯಮದತ್ತ, ಕ್ರಿಸ್ ಅವರತ್ತ ಅಲ್ಲ.

ಈಗ ನಮ್ಮ ದೊಡ್ಮನೆಗೆ ಬರೋಣ. 2013ರಲ್ಲಿ ಶುರುವಾದ ಬಿಗ್ ಬಾಸ್ ಕನ್ನಡದಲ್ಲಿ ನಾಮಿನೇಟ್ ಮಾಡುವವರು ಮನೆಮಂದಿ, ಉಳಿಸುವವರು ಮತ್ತು ಗೆಲ್ಲಿಸುವವರು ವೀಕ್ಷಕರು. ಎಲಿಮಿನೇಟ್ ಆದವರಿಗೆ ಕೊನೆಗೆ ಮತವಿಲ್ಲ. ಹೀಗಾಗಿ ಸರ್ವೈವರ್‌ನಲ್ಲಿ ಪ್ರಾಣಕ್ಕೆ ಬರುವ ನಡೆ ಇಲ್ಲಿ ಲಾಭ ತರಬಹುದು. ಮನೆಯವರೆಲ್ಲ ಒಬ್ಬರನ್ನೇ ಗುರಿ ಮಾಡಿದರೆ ಹೊರಗಿನ ಅನುಕಂಪ ಅವರ ಕಡೆ ಹರಿಯುತ್ತದೆ. ವಾರ ವಾರ ನಾಮಿನೇಟ್ ಆಗುವವರ ಅಭಿಮಾನಿಗಳಿಗೆ ಮತ ಹಾಕಿ ಅಭ್ಯಾಸವಾಗಿರುತ್ತದೆ. ನಾಮಿನೇಷನ್ ತಪ್ಪಿಸಿಕೊಂಡು ಬಂದವರ ಬೆಂಬಲಿಗರು ಫಿನಾಲೆ ವಾರದಲ್ಲಿ ಏಳುವಷ್ಟರಲ್ಲಿ ಹೊತ್ತಾಗಿರುತ್ತದೆ.

11ನೇ ಸೀಸನ್‌ನಲ್ಲಿ ವೈಲ್ಡ್ ಕಾರ್ಡ್ ಮೂಲಕ ಬಂದು ಗೆದ್ದ ಹನುಮಂತ ಅವರಿಗೆ ವೇದಿಕೆಯಲ್ಲಿ ಪ್ರಕಟಿಸಿದ ಮತ 5 ಕೋಟಿಗೂ ಹೆಚ್ಚು. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆಯೇ 6.11 ಕೋಟಿ. ಒಬ್ಬರು ಹಲವು ಮತ ಹಾಕಬಹುದಾದ್ದರಿಂದ ಈ ಸಂಖ್ಯೆ ಬರುತ್ತದೆ. ಹನುಮಂತ ನಿಯಮದಂತೆ ಗೆದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮತಗಳ ಸಂಖ್ಯೆ ಬೇರೆ, ಮತದಾರರ ಸಂಖ್ಯೆ ಬೇರೆ ಎಂಬುದನ್ನು ವರದಿ ಹೇಳಬೇಕಲ್ಲವೇ? ಉದಾಹರಣೆಗೆ ಲೆಕ್ಕ ಹಾಕಿ: 1 ಲಕ್ಷ ಕಟ್ಟಾ ಅಭಿಮಾನಿಗಳು ತಲಾ 50 ಮತ ಹಾಕಿದರೆ 50 ಲಕ್ಷ, ಸುಮ್ಮನೆ ಇಷ್ಟಪಡುವ 10 ಲಕ್ಷ ಜನ ತಲಾ 2 ಹಾಕಿದರೆ 20 ಲಕ್ಷ. ಹೆಚ್ಚು ಜನರಿಗೆ ಬೇಕಾದವರು ಸೋಲುತ್ತಾರೆ, ಹೆಚ್ಚು ತೀವ್ರವಾಗಿ ಬೇಕಾದವರು ಗೆಲ್ಲುತ್ತಾರೆ. ‘ಕರ್ನಾಟಕದ ತೀರ್ಪು’ ಎಂಬ ಶೀರ್ಷಿಕೆ ಕೊಡುವ ಮುನ್ನ ಈ ವ್ಯತ್ಯಾಸ ನೆನಪಿರಲಿ. ವಾಹಿನಿ ಒಟ್ಟು ಮತಗಳ ಜೊತೆಗೆ ಎಷ್ಟು ಖಾತೆಗಳಿಂದ ಮತ ಬಂತು ಎಂಬುದನ್ನೂ ಪ್ರಕಟಿಸಬೇಕೆಂದು ಪತ್ರಿಕೆಗಳು ಒತ್ತಾಯಿಸಬೇಕು.

ಜ್ಯೂರಿ ಮಾದರಿ ನಮಗೆ ದೂರದ್ದೇನಲ್ಲ. 2021ರಲ್ಲಿ ಝೀ ತಮಿಳಿನಲ್ಲಿ ಬಂದ ಸರ್ವೈವರ್‌ನ ನಿರೂಪಕರು ನಮ್ಮವರೇ ಆದ ಅರ್ಜುನ್ ಸರ್ಜಾ. ನಾಳೆ ಕನ್ನಡಕ್ಕೂ ಬರಬಹುದು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಯಾವುದೇ ಫಿನಾಲೆ ವರದಿಯ ಜೊತೆ ನಾಲ್ಕು ಸಾಲಿನ ಚೌಕಟ್ಟೊಂದನ್ನು ಹಾಕಿ. ಮತ ಹಾಕಿದವರು ಯಾರು, ಒಬ್ಬರಿಗೆ ಎಷ್ಟು ಮತ, ಮತ ಹಾಕುವ ಮೊದಲು ಅವರಿಗೆ ಏನೇನು ಕಾಣುತ್ತಿತ್ತು, ಗೆಲುವಿಗೆ ಎಷ್ಟು ಬೇಕಿತ್ತು ಎಂಬುದು ಅದರಲ್ಲಿರಲಿ. ನಿಮ್ಮ ವಿಮರ್ಶಕರು ‘ಅರ್ಹ’ ಎಂಬ ಪದವನ್ನು ಅದರ ಕೆಳಗೆ ಬಳಸಲಿ.

ಇತಿ,
ಒಬ್ಬ ಓದುಗ, ಶಿವಮೊಗ್ಗ